ಫ್ಯಾಕ್ಸ್ ಪ್ರತಿಯೂ ಕಚೇರಿಯ ದಫ್ತರವೂ

ಶಾಸನಗಳನ್ನು ಅಭ್ಯಾಸ ಮಾಡುವವರು ಕಲ್ಲಿನ ಮೇಲಣ ಬರಹವನ್ನು ಕಣ್ಣಿನಿಂದ ಓದಿ ಕೈಯಿಂದ ಬರೆದುಕೊಳ್ಳುವುದರಲ್ಲಿಯೇ ತೃಪ್ತರಾಗುವುದಿಲ್ಲ. ಮೊದಲು ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆಯಾದ ಕಾಗದವನ್ನು ಹಾಸಿ, ಕಾಗದವು ಅಕ್ಷರಗಳ ತಗ್ಗಿನೊಳಕ್ಕೆ ಇಳಿಯುವಂತೆ ಕುಂಚದಿಂದ ಬಡಿಯುವರು. ಅನಂತರ ಮಸಿ ಹಚ್ಚಿದ ಬಟ್ಟೆಯ ಗಂಟನ್ನು ಅದರ ಮೇಲೆ ಮೆಲ್ಲಗೆ ಒತ್ತುತ್ತ ಬಂದರೆ ಕಲ್ಲಿನ ಸಮತಲವೆಲ್ಲ ಕಪ್ಪಾಗಿ, ಕೊರೆದ ಅಕ್ಷರಗಳು ಮಾತ್ರ ಬೆಳ್ಳಗೆ ಉಳಿಯುವುವು. ಹೀಗೆ ದೊರೆತ ಅಚ್ಚು ಶಾಸನದ ಯಥಾಪ್ರತಿ. ಓದಿ ಬರೆದುಕೊಳ್ಳುವವನು ಒಂದಕ್ಷರವನ್ನು ಮತ್ತೊಂದೆಂದು ಭ್ರಮಿಸಬಹುದು. ಅಚ್ಚಿಗೆ ಓದಲು ಬಾರದು. ಆದುದರಿಂದಲೇ ಅದು ಓದುವವನ ತಪ್ಪನ್ನು ಮಾಡಲಾರದು.

ಇಂತಹ ಪ್ರತಿಗೆ ಇಂಗ್ಲಿಷಿನಲ್ಲಿ ಫ್ಯಾಕ್ಸಿಮಿಲಿ ಎಂದು ಹೆಸರು. ಇದು 'ಇದರಂತೆಯೇ ಮಾಡು' ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದುದು. ಕಚೇರಿಗಳಲ್ಲಿ ನಾವು ಕಂಡಿರುವ ಫ್ಯಾಕ್ಸ್ ಯಂತ್ರದ ಹೆಸರು ಇದರ ಮೊಟಕು ರೂಪವೇ. ಕಾಗದವನ್ನು ಕಲ್ಲಿಗೆ ತಾಗಿಸಿ ಪಡೆಯುತ್ತಿದ್ದ ಪ್ರತಿಯನ್ನು ಈ ಯಂತ್ರವು ದೂರವಾಣಿಯ ತಂತಿಯ ಮೂಲಕ, ಮೂಲವನ್ನು ಮುಟ್ಟದೆಯೆ, ನೂರಾರು ಮೈಲಿಗಳಾಚೆ ಪಡೆಯುತ್ತದೆ.

ಕೋಲಾರ ಸೀಮೆಯ ವಿದ್ಯಾರ್ಥಿಗಳು ಇಲ್ಲಿ ಒಂದು ಗ್ರಂಥವನ್ನು ನೆನೆಯಬೇಕು. ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ' ಮಾಲೆಯ ಹತ್ತನೆಯ ಸಂಪುಟ ೧೯೦೫ರಲ್ಲಿ ಪ್ರಕಟವಾಯಿತು. ಅದು ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಶಾಸನಗಳೂ, ಮುಳಬಾಗಿಲು ತಾಲ್ಲೂಕಿನ ಆವಣಿಯ ನೊಳಂಬರ ಶಾಸನಗಳೂ ಅದರಲ್ಲಿ ಸೇರಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮುಂತಾದ ತಾಲ್ಲೂಕುಗಳನ್ನು ಒಂದೊಂದಾಗಿ ಹಿಡಿದು, ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನೊಡನೆ ಒಂದು ಕ್ರಮಾಂಕವನ್ನು ಕೊಟ್ಟಿರುವುದು ಆ ಸಂಪುಟದ ವಿಶೇಷ. ರಾಜರ ದೊಡ್ಡ ಶಾಸನಗಳಷ್ಟೇ ಅಲ್ಲ, ಊರ ಹೊಲದಲ್ಲಿ ನಿಂತ ವೀರಗಲ್ಲಿನ ಎರಡು ಸಾಲುಗಳಿಗೂ ಅಲ್ಲಿ ಸ್ಥಾನವುಂಟು. ವಿದ್ವಾಂಸರು ಇಂದಿಗೂ ಆ ಶಾಸನಗಳನ್ನು ಅದೇ ಕ್ರಮಾಂಕದಿಂದ ಉಲ್ಲೇಖಿಸುತ್ತಾರೆ. ಯಥಾಪ್ರತಿ ಮತ್ತು ಆಯ್ಕೆಯಿಲ್ಲದ ಕ್ರಮಾಂಕ, ಇವೆರಡು ಸೇರಿದರೆ ಮಾತ್ರ ದಫ್ತರವೆಂಬುದು ಪೂರ್ಣವಾಗುವುದು. ಕಚೇರಿಯ ಫ್ಯಾಕ್ಸ್ ದಾಖಲೆಗಳಲ್ಲಿ ಇವೆರಡನ್ನೂ ಸಾಧಿಸುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ.

ಫ್ಯಾಕ್ಸ್ ಇಂದು ವಿರಳವಾಗಿದೆ, ಅದರ ಕೆಲಸವನ್ನು ಬಹುಮಟ್ಟಿಗೆ ವಿದ್ಯುನ್ಮಾನ ಅಂಚೆಯು ವಹಿಸಿಕೊಂಡಿದೆ ಎಂದು ವಾಚಕರು ಹೇಳಬಹುದು. ಅದು ನಿಜ. ಆದರೆ ೧೯೯೦ರ ದಶಕದಲ್ಲಿ ಆದೇಶ, ದರಪಟ್ಟಿ, ಒಪ್ಪಂದಗಳು ಕಚೇರಿಯಿಂದ ಕಚೇರಿಗೆ ಫ್ಯಾಕ್ಸಿನ ಮೂಲಕ ಹರಿದಾಡಿದವು. ಆ ಕಡತಗಳ ಮೇಲೆ ಜನರ ಹಕ್ಕುಗಳು ಇನ್ನೂ ನಿಂತಿವೆ. ಅಲ್ಲದೆ ಈ ಯಂತ್ರದಲ್ಲಿ ಅಡಗಿರುವ ಭೌತವಿಜ್ಞಾನವು ಇಂದಿನ ಸ್ಕ್ಯಾನರಿನಲ್ಲಿಯೂ ಉಳಿದು ಬಂದಿದೆ.

ಯಂತ್ರದೊಳಗೆ ಹಾಕಿದ ಹಾಳೆಯ ಮೇಲೆ ಬೆಳಕು ಬೀಳುತ್ತದೆ. ಬಿಳಿಯ ಭಾಗವು ಬೆಳಕನ್ನು ಹೆಚ್ಚಾಗಿಯೂ, ಮಸಿಯ ಭಾಗವು ಕಡಿಮೆಯಾಗಿಯೂ ಪ್ರತಿಫಲಿಸುವುದನ್ನು ನಾವು ಬಲ್ಲೆವು. ಹಾಗೆ ಪ್ರತಿಫಲಿಸಿದ ಬೆಳಕು ಸಾಲಾಗಿ ಜೋಡಿಸಿದ ಸೂಕ್ಷ್ಮವಾದ ಬೆಳಕು-ಸಂವೇದಕಗಳ ಮೇಲೆ ಬಿದ್ದು ವಿದ್ಯುತ್ತಾಗಿ ಮಾರ್ಪಡುವುದು. ಒಂದು ಸಾಲಿನಲ್ಲಿ ೧೭೨೮ ಬಿಂದುಗಳು. ಸಾಲಿನ ಅಗಲ ೨೧೫ ಮಿಲಿಮೀಟರು. ಎಂದರೆ ಒಂದು ಬಿಂದುವಿನ ಅಗಲ ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು. ಪ್ರತಿಯೊಂದು ಬಿಂದುವಿನಲ್ಲಿಯೂ ಯಂತ್ರವು ಕೇಳುವ ಪ್ರಶ್ನೆ ಒಂದೇ: ಕಪ್ಪೋ, ಬಿಳುಪೋ? ಒಂದು ಸಾಲು ಮುಗಿದೊಡನೆ ಹಾಳೆಯು ಸ್ವಲ್ಪ ಮುಂದೆ ಸರಿಯುವುದು, ಮತ್ತೊಂದು ಸಾಲು. ಸಾಮಾನ್ಯ ಕ್ರಮದಲ್ಲಿ ಒಂದು ಮಿಲಿಮೀಟರಿಗೆ ೩.೮೫ ಸಾಲುಗಳು, ಸೂಕ್ಷ್ಮ ಕ್ರಮದಲ್ಲಿ ಅದರ ಎರಡರಷ್ಟು, ಅಂದರೆ ೭.೭ ಸಾಲುಗಳು.

ಕನ್ನಡದಲ್ಲಿ ವ್ಯವಹರಿಸುವ ಕಚೇರಿಗೆ ಈ ಎರಡು ಸಂಖ್ಯೆಗಳ ಅಂತರವು ಸಣ್ಣದಲ್ಲ. ಟೈಪು ಮಾಡಿದ ಪತ್ರದಲ್ಲಿ ಒಂದು ಒತ್ತಕ್ಷರದ ಎತ್ತರ ಒಂದೂವರೆ ಮಿಲಿಮೀಟರೆಂದು ಇಟ್ಟುಕೊಳ್ಳೋಣ. ಸಾಮಾನ್ಯ ಕ್ರಮದಲ್ಲಿ ಅದರ ಪಾಲಿಗೆ ಬರುವುದು ಐದಾರು ಸಾಲುಗಳು ಮಾತ್ರ. ಐದಾರು ಸಾಲುಗಳಲ್ಲಿ ತ-ಕಾರದ ಒತ್ತು ಯಾವುದು, ನ-ಕಾರದ ಒತ್ತು ಯಾವುದು ಎಂದು ತೋರಿಸುವುದು ಕಷ್ಟ. ಪ-ಕಾರದ ಹೊಟ್ಟೆಯನ್ನು ಸೀಳಿ ಷ-ಕಾರವನ್ನಾಗಿ ಮಾಡುವ ಗೆರೆಯೂ ಹೀಗೆಯೇ ಕರಗಿ ಹೋಗಬಹುದು. ಮಾತುಗಳಲ್ಲಾದರೆ ಸಂದರ್ಭದಿಂದ ಊಹಿಸಿಕೊಳ್ಳಬಹುದು. ಅಂಕಿಗಳಿಗೆ ಸಂದರ್ಭವಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಗೆ ಬಂದ ಬೇಡಿಕೆಯಲ್ಲಿ ೬೦೦ ಪೆಟ್ಟಿಗೆ ಎಂದಿದೆಯೋ ೯೦೦ ಎಂದಿದೆಯೋ ಎಂಬುದು, ಕೆಳಗಿನ ಕೊಂಡಿಯೊಂದು ಯಾವ ಕಡೆಗೆ ತಿರುಗಿದೆ ಎಂಬ ಎರಡು ಮೂರು ಬಿಂದುಗಳ ಮೇಲೆ ನಿಂತಿರುತ್ತದೆ. ಕನ್ನಡ ಪತ್ರಗಳನ್ನು ಸೂಕ್ಷ್ಮ ಕ್ರಮದಲ್ಲಿಯೇ ಕಳುಹಿಸಬೇಕು. ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಬೇಕು. ಹಳೆಯ ಶಾನುಭೋಗರು ಎರಡನೆಯದನ್ನು ಯಾವ ಯಂತ್ರದ ಹಂಗೂ ಇಲ್ಲದೆ ಪಾಲಿಸುತ್ತಿದ್ದರು.

ಈಗ ಒಂದು ಲೆಕ್ಕ. ಎ-೪ ಹಾಳೆಯ ಉದ್ದ ೨೯೭ ಮಿಲಿಮೀಟರು. ಸಾಮಾನ್ಯ ಕ್ರಮದಲ್ಲಿ ಸುಮಾರು ೧೧೪೩ ಸಾಲುಗಳು. ಒಟ್ಟು ಬಿಂದುಗಳು ೧೯ ಲಕ್ಷ ೭೫ ಸಾವಿರ. ಸೆಕೆಂಡಿಗೆ ೯೬೦೦ ಬಿಂದುಗಳ ವೇಗದಲ್ಲಿ ಕಳುಹಿಸಿದರೂ ಮೂರು ನಿಮಿಷ ಇಪ್ಪತ್ತಾರು ಸೆಕೆಂಡುಗಳು ಬೇಕು. ಆದರೆ ೧೯೮೦ರಲ್ಲಿ ಅಂತರರಾಷ್ಟ್ರೀಯ ಒಪ್ಪಿಗೆ ಪಡೆದ ಮೂರನೆಯ ವರ್ಗದ ಯಂತ್ರಗಳು ಸಾಧಾರಣ ಪತ್ರವೊಂದನ್ನು ಒಂದು ನಿಮಿಷದೊಳಗೆ ಸಾಗಿಸಿದವು. ಇದು ಹೇಗೆ ಸಾಧ್ಯ?

ಪತ್ರವೊಂದರಲ್ಲಿ ಬಹುಭಾಗ ಬರಿಯ ಬಿಳುಪು. 'ಬಿಳುಪು, ಬಿಳುಪು, ಬಿಳುಪು' ಎಂದು ೧೭೨೮ ಬಾರಿ ಹೇಳುವುದಕ್ಕೆ ಬದಲಾಗಿ '೧೭೨೮ ಬಿಳುಪು' ಎಂದು ಒಮ್ಮೆ ಹೇಳಿದರೆ ಸಾಲದೆ? ಯಂತ್ರವು ಮಾಡುವುದು ಇದನ್ನೇ. ಖಾಲಿ ಸಾಲಿಗೆ ೦೧೦೦೧೧೦೧೧ ಎಂಬ ಒಂಬತ್ತು ಅಂಕೆಗಳ ಸಂಕೇತ. 'ಮಿಕ್ಕದ್ದು ಸೊನ್ನೆ' ಎನ್ನಲು ೦೦೧೧೦೧೦೧ ಎಂಬ ಎಂಟು ಅಂಕೆಗಳು. ಸಾಲು ಮುಗಿಯಿತೆನ್ನಲು ಹನ್ನೊಂದು ಸೊನ್ನೆಗಳೂ ಒಂದು ಒಂದೂ. ಒಟ್ಟು ೨೯. ೧೭೨೮ ಅಂಕೆಗಳ ಮಾತನ್ನು ೨೯ರಲ್ಲಿ ಹೇಳಿದಂತಾಯಿತು. ಈ ಸಂಕೇತಗಳನ್ನು ಮನಬಂದಂತೆ ಗೊತ್ತುಮಾಡಿಲ್ಲ. ಯಾವುದು ಪದೇ ಪದೇ ಬರುವುದೋ ಅದಕ್ಕೆ ಗಿಡ್ಡ ಸಂಕೇತ. ಕಪ್ಪಿನಲ್ಲಿ ಎಲ್ಲಕ್ಕಿಂತ ಗಿಡ್ಡವಾದ ಸಂಕೇತಗಳು ಎರಡು ಬಿಂದುಗಳಿಗೂ (೧೧) ಮೂರು ಬಿಂದುಗಳಿಗೂ (೧೦) ದೊರೆತಿವೆ. ಮೂರು ಬಿಂದುಗಳೆಂದರೆ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಕ್ಷರದ ಗೆರೆಯ ದಪ್ಪ ಸಾಮಾನ್ಯವಾಗಿ ಇಷ್ಟೇ ಅಲ್ಲವೆ? ಲೇಖನಿಯ ಗೆರೆಯನ್ನು ಅಳೆದು ಗಣಿತವನ್ನು ಹೊಲಿದಂತಿದೆ.

ಈ ಸೊನ್ನೆ-ಒಂದುಗಳನ್ನು ದೂರವಾಣಿಯ ತಂತಿಯು ಹಾಗೆಯೇ ಒಯ್ಯಲಾರದು. ಅದು ಮಾತಿಗಾಗಿ ಹಾಕಿದ ತಂತಿ. ಸುಮಾರು ೩೦೦ರಿಂದ ೩೪೦೦ ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುವುದು. ಆದುದರಿಂದ ಯಂತ್ರಗಳು ಹಾಡಬೇಕು. ಕರೆಮಾಡುವ ಯಂತ್ರವು ೧೧೦೦ ಹರ್ಟ್ಸ್ ಸ್ವರವನ್ನು ಅರ್ಧ ಸೆಕೆಂಡು ನುಡಿದು ಮೂರು ಸೆಕೆಂಡು ಸುಮ್ಮನಿರುವುದು; ಮತ್ತೆ ನುಡಿಯುವುದು. ಎದುರಿನ ಯಂತ್ರವು ೨೧೦೦ ಹರ್ಟ್ಸ್ ಸ್ವರದಿಂದ ಓಗೊಡುವುದು. ಅನಂತರ ಇಬ್ಬರೂ ತಮ್ಮ ತಮ್ಮ ಶಕ್ತಿಯನ್ನು ತಿಳಿಸಿ, ವೇಗವನ್ನು ಗೊತ್ತುಮಾಡಿಕೊಂಡು, ಒಂದೂವರೆ ಸೆಕೆಂಡು ಬರಿಯ ಸೊನ್ನೆಗಳನ್ನು ಕಳುಹಿಸಿ ತಂತಿಯನ್ನು ಪರೀಕ್ಷಿಸುವರು. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ವೇಗ ತಗ್ಗುವುದು. ೯೬೦೦ರ ವೇಗದಲ್ಲಿ ಅಲೆಯ ಎತ್ತರವನ್ನೂ ಪ್ರಾವಸ್ಥೆಯನ್ನೂ ಸೆಕೆಂಡಿಗೆ ೨೪೦೦ ಸಲ ಬದಲಿಸಲಾಗುತ್ತದೆ. ಪ್ರತಿಯೊಂದು ಬದಲಾವಣೆಯೂ ೧೬ ಬಗೆಗಳಲ್ಲಿ ಒಂದಾಗಿರುವುದರಿಂದ ಅದು ನಾಲ್ಕು ಅಂಕೆಗಳನ್ನು ಹೊರುವುದು. ಪುಟ ಮುಗಿದ ಮೇಲೆ ಪಡೆದ ಯಂತ್ರವು 'ಸರಿಯಾಗಿ ತಲುಪಿತು' ಎಂದು ಒಪ್ಪಿಗೆ ಕೊಡುವುದು. ಈ ಒಪ್ಪಿಗೆ ಯಂತ್ರದ್ದೇ ಹೊರತು ಅಧಿಕಾರಿಯದಲ್ಲವೆಂಬುದನ್ನು ಮರೆಯಬಾರದು. ಹಾಳೆಯು ಬುಟ್ಟಿಯಲ್ಲಿ ಬಿದ್ದು ಮೂರು ದಿನ ಯಾರ ಕಣ್ಣಿಗೂ ಬೀಳದಿದ್ದರೂ ಕಳುಹಿಸಿದವರ ಕೈಯಲ್ಲಿ 'ತಲುಪಿತು' ಎಂಬ ವರದಿ ಇರುತ್ತದೆ.

ಈ ವಿದ್ಯೆ ಹೊಸದೇನಲ್ಲ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ೧೮೪೩ರಲ್ಲಿಯೇ ಇದರ ಮೂಲಭಾವನೆಗೆ ಹಕ್ಕುಪತ್ರ ಪಡೆದನು. ಆಗ ದೂರವಾಣಿಯೇ ಹುಟ್ಟಿರಲಿಲ್ಲ. ಇಟಲಿಯ ಕಸೆಲ್ಲಿಯ ಯಂತ್ರವು ೧೮೬೫ರಲ್ಲಿ ಪ್ಯಾರಿಸ್ ಮತ್ತು ಲಿಯಾನ್ ನಗರಗಳ ನಡುವೆ ಸಾರ್ವಜನಿಕರ ಸೇವೆಗೆ ನಿಂತಿತು. ನಮ್ಮ ದಕ್ಷಿಣದಲ್ಲಿ 'ದಿ ಹಿಂದೂ' ಪತ್ರಿಕೆಯು ತನ್ನ ಪುಟಗಳನ್ನು ಊರಿಂದೂರಿಗೆ ಕಳುಹಿಸಲು ಫ್ಯಾಕ್ಸಿಮಿಲಿ ವಿಧಾನವನ್ನು ೧೯೬೯ರಲ್ಲಿ ಕೈಗೊಂಡಿತು.

ಇನ್ನು ಪಡೆಯುವ ಕಡೆಗೆ ಬರೋಣ. ಹಿಂದಿನ ಬಹುಪಾಲು ಕಚೇರಿ ಯಂತ್ರಗಳು ಅಚ್ಚೊತ್ತುತ್ತಿದ್ದುದು ಶಾಖಕ್ಕೆ ಕಪ್ಪಾಗುವ ನುಣುಪಾದ ಸುರುಳಿ ಕಾಗದದ ಮೇಲೆ. ಅದರಲ್ಲಿ ಮಸಿಯೆಂಬುದೇ ಇಲ್ಲ. ಕಾಗದದ ಲೇಪದಲ್ಲಿ ಬಣ್ಣವಿಲ್ಲದ ರಂಜಕವೊಂದೂ, ಆಮ್ಲಗುಣದ ಮತ್ತೊಂದು ಪದಾರ್ಥವೂ ಬೇರೆ ಬೇರೆಯಾಗಿ ಕುಳಿತಿರುತ್ತವೆ. ಮಿಲಿಮೀಟರಿಗೆ ಎಂಟರಂತೆ ಜೋಡಿಸಿದ ಸಣ್ಣ ಸಣ್ಣ ತಾಪಕಗಳಲ್ಲಿ ಯಾವುದು ಕಾಯುವುದೋ ಅಲ್ಲಿ ಲೇಪ ಕರಗಿ, ಎರಡೂ ಕೂಡಿ, ಕಪ್ಪು ಬಣ್ಣ ಹುಟ್ಟುವುದು. ಆದರೆ ಈ ಕೂಟವು ಶಾಶ್ವತವಲ್ಲ. ಕೂಡಿದ ಪದಾರ್ಥಗಳು ಮತ್ತೆ ಅಗಲಬಲ್ಲವು. ಬೆಳಕು, ತೇವ, ಬೆರಳಿನ ಎಣ್ಣೆ, ಪ್ಲಾಸ್ಟಿಕ್ ಲಕೋಟೆಯನ್ನು ಮೆತ್ತಗಾಗಿಸಲು ಸೇರಿಸಿದ ರಾಸಾಯನಿಕ, ಇವೆಲ್ಲವೂ ಆ ಅಗಲಿಕೆಗೆ ನೆರವಾಗುತ್ತವೆ. ಭದ್ರವಾಗಿರಲೆಂದು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟ ಹಾಳೆಯೇ ಬೇಗ ಬೆಳ್ಳಗಾಗುವುದು ಇದರಿಂದಲೇ. ಹೀಗಾಗಿ ಕಡತದಲ್ಲಿ ಹಾಳೆಯಿದೆ, ಪುಟಸಂಖ್ಯೆಯಿದೆ, ಗುಮಾಸ್ತರ ಶಾಯಿಯ ಷರಾ ಸ್ಪಷ್ಟವಾಗಿದೆ; ಯಾವುದರ ಮೇಲೆ ಷರಾ ಬರೆದರೋ ಆ ಆದೇಶ ಮಾತ್ರ ಇಲ್ಲ. ಕಲ್ಲಿನ ಶಾಸನ ಸಾವಿರ ವರ್ಷ ನಿಂತಿತು. ಈ ಶಾಸನಕ್ಕೆ ಹತ್ತಿಪ್ಪತ್ತು ವರ್ಷಗಳು ಹೆಚ್ಚಾದವು.

ಆದುದರಿಂದ ಯಂತ್ರದಿಂದ ಹೊರಬೀಳುವ ಹಾಳೆಯನ್ನು ದಾಖಲೆಯೆಂದು ಭಾವಿಸಬಾರದು. ನಿಜವಾದ ದಾಖಲೆಯೆಂದರೆ ತಂತಿಯ ಮೇಲೆ ಬಂದ ಸೊನ್ನೆ-ಒಂದುಗಳ ಸಾಲು. ಹಾಳೆಯು ಅದರ ಒಂದು ತೋರಿಕೆ ಮಾತ್ರ. ಆ ಸಾಲನ್ನು ಹಿಡಿಯುವುದು ಎಲ್ಲಿ?

ಒಂದು ವಿಧಾನವು ತಂತಿಗೆ ಸಮಾಂತರವಾಗಿ ಧ್ವನಿಮುದ್ರಣ ಯಂತ್ರವನ್ನು ಜೋಡಿಸಿ, ಎರಡು ಯಂತ್ರಗಳ ಹಾಡನ್ನು ಕೇಳಿಸಿಕೊಳ್ಳುವುದು. ಸಾಮಾನ್ಯ ವೇಗದ ಯಂತ್ರಗಳಲ್ಲಿ ಒಂದು ಸಲಕ್ಕೆ ಒಂದೇ ಕಡೆಯಿಂದ ಮಾತು ನಡೆಯುವುದರಿಂದ ಆ ಧ್ವನಿಯಿಂದ ಪುಟವನ್ನು ಮತ್ತೆ ಬಿಡಿಸಿಕೊಳ್ಳಲು ಸಾಧ್ಯವಿದೆ. ಮುದ್ರಣ ಯಂತ್ರದ ರೋಧ ಬಹಳ ಹೆಚ್ಚಾಗಿರಬೇಕು. ಇಲ್ಲದಿದ್ದರೆ ಅದು ತಂತಿಯ ಪ್ರವಾಹವನ್ನೇ ಕದ್ದು ಕೆಲಸವನ್ನು ಕೆಡಿಸುವುದು. ಧ್ವನಿಯನ್ನು ಸೆಕೆಂಡಿಗೆ ೮೦೦೦ ಸಲ, ಪ್ರತಿಸಲವೂ ಎಂಟು ಅಂಕೆಗಳಲ್ಲಿ ಅಳೆದು ಇಡಬೇಕು. ಒಂದು ನಿಮಿಷಕ್ಕೆ ೪ ಲಕ್ಷ ೮೦ ಸಾವಿರ ಬೈಟುಗಳು. ಸಂಗೀತಕ್ಕೆ ಮಾಡುವಂತೆ ಇದನ್ನು ಹಿಂಡಿ ಚಿಕ್ಕದು ಮಾಡಿದರೆ ಕೆಟ್ಟಿತು; ಮನುಷ್ಯನ ಕಿವಿಗೆ ಬೇಡದ ಪ್ರಾವಸ್ಥೆಯ ವ್ಯತ್ಯಾಸಗಳೇ ಇಲ್ಲಿ ಅರ್ಥವನ್ನು ಹೊತ್ತಿರುವುದು. ಇಷ್ಟಾದರೂ ಒಂದು ಕೊರತೆ ಉಳಿಯುವುದು: ಒಂದು ಸಾಲು ಕೆಟ್ಟರೆ ಪಕ್ಕದಲ್ಲಿ ನಿಂತು ಕೇಳುವವನು 'ಮತ್ತೊಮ್ಮೆ ಹೇಳಿ' ಎನ್ನಲಾರ. ಬೇರೆಯವರ ತಂತಿಯನ್ನು ಹೀಗೆ ಆಲಿಸುವುದು ಅಪರಾಧವೆಂಬುದನ್ನು ಹೇಳಬೇಕಾಗಿಲ್ಲ; ತನ್ನದೇ ಕಚೇರಿಯಲ್ಲಿಯೂ ನೌಕರರಿಗೆ ತಿಳಿಸಿಯೇ ಮಾಡತಕ್ಕದ್ದು.

ಮತ್ತೊಂದು ವಿಧಾನವೇ ಮೇಲು. ಫ್ಯಾಕ್ಸ್ ಯಂತ್ರದ ಸ್ಥಾನದಲ್ಲಿ ಗಣಕಯಂತ್ರವೊಂದನ್ನು ಮೋಡೆಮ್ ಮೂಲಕ ತಂತಿಗೆ ಜೋಡಿಸುವುದು. ಆಗ ಗಣಕವು ಪಕ್ಕದ ಶ್ರೋತೃವಲ್ಲ, ಸಂಭಾಷಣೆಯ ಪಾಲುದಾರ. ಕೆಟ್ಟ ಭಾಗವನ್ನು ಮತ್ತೆ ಕೇಳಿ ಪಡೆಯಬಲ್ಲದು; ದೋಷ ತಿದ್ದುವ ಕ್ರಮವು ಎರಡೂ ಕಡೆ ಇದ್ದರೆ ಪುಟವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ತಾಳೆನೋಡುವ ಸಂಖ್ಯೆಯೊಂದನ್ನು ಸೇರಿಸಿ ಕಳುಹಿಸಲಾಗುವುದು. ಈ ಕ್ರಮ ಇಲ್ಲದ ಯಂತ್ರಗಳಲ್ಲಿ ಕೆಲವು, ಕೆಟ್ಟ ಸಾಲಿನ ಜಾಗದಲ್ಲಿ ಹಿಂದಿನ ಸಾಲನ್ನೇ ಮತ್ತೆ ಅಚ್ಚೊತ್ತಿ ಗಾಯವನ್ನು ಮುಚ್ಚಿಬಿಡುವುವು. ಓದಲು ಇದು ಹಿತವಾದರೂ ದಫ್ತರದ ದೃಷ್ಟಿಯಿಂದ ಅಪಾಯಕರ. ಗಣಕಕ್ಕೆ ಬಂದ ಪುಟವನ್ನು ಟಿಫ್ ಎಂಬ ಮಾದರಿಯ ಕಡತದಲ್ಲಿ, ತಂತಿಯ ಮೇಲೆ ಬಂದ ಬಿಂದುಗಳಲ್ಲಿ ಒಂದನ್ನೂ ಬಿಡದೆ ಇಟ್ಟುಕೊಳ್ಳಬಹುದು. ಅಚ್ಚು ಬೇಕಾದವರು ಸಾಧಾರಣ ಕಾಗದದ ಮೇಲೆ ತೆಗೆದುಕೊಳ್ಳಲಿ.

ಇಲ್ಲಿ ಮುಖ್ಯವಾದ ನಿಯಮವೊಂದಿದೆ. ಪುಟವು ಮೊದಲು ದಫ್ತರಕ್ಕೆ ಸೇರಬೇಕು, ಆಮೇಲೆ ಮೇಜಿಗೆ ಹೋಗಬೇಕು. ಮೇಜಿನಿಂದ ದಫ್ತರಕ್ಕೆ ಕಳುಹಿಸುವ ಪದ್ಧತಿಯಲ್ಲಿ, ಮುಖ್ಯವಾದುದು ಯಾವುದು ಅಲ್ಲ ಎಂಬುದನ್ನು ಒಬ್ಬ ಮನುಷ್ಯನು ಅಂದೇ ನಿರ್ಧರಿಸಬೇಕಾಗುತ್ತದೆ; ಐದು ವರ್ಷಗಳ ಮೇಲೆ ಹುಟ್ಟುವ ವ್ಯಾಜ್ಯವನ್ನು ಅವನು ಹೇಗೆ ಕಂಡಾನು? ಹೊರಹೋಗುವ ಪತ್ರಗಳಿಗೂ ಇದೇ ನಿಯಮ.

ಕೋಲಾರದಲ್ಲಿ ಮುಖ್ಯ ಕಚೇರಿಯೂ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಶಾಖೆಗಳೂ ಇದ್ದು, ಹೆಂಚು ಮತ್ತು ಮಾವಿನ ವ್ಯಾಪಾರ ಮಾಡುವ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ಪ್ರತಿ ಊರಿಗೂ ಒಂದು ಸಂಕೇತಾಕ್ಷರ: ಕೋ, ಮಾ, ಮು, ಶ್ರೀ. ಪ್ರತಿ ಫ್ಯಾಕ್ಸಿಗೂ ಆ ಊರಿನ ಮುಂದಿನ ಕ್ರಮಾಂಕ. ರೈಸ್ ಅವರ ಸಂಪುಟದಲ್ಲಿದ್ದಂತೆಯೇ. ವಿಫಲವಾದ ಕರೆಗೂ, ಅರ್ಧ ಬಂದು ನಿಂತ ಪುಟಕ್ಕೂ, ಬರಿಯ ಜಾಹೀರಾತಿಗೂ ಕ್ರಮಾಂಕವಿರಬೇಕು. ಶ್ರೀ ೪೧೨ ಆದ ಮೇಲೆ ಶ್ರೀ ೪೧೪ ಬಂದರೆ ೪೧೩ ಎಲ್ಲಿ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳಲು ಸಾಧ್ಯವಾಗುವುದೇ ಕ್ರಮಾಂಕದ ಪ್ರಯೋಜನ. ಅದರೊಡನೆ ದಾಖಲಾಗಬೇಕಾದುವು: ಆರಂಭ ಮತ್ತು ಮುಕ್ತಾಯದ ಕಾಲ, ಎರಡೂ ಕಡೆಯ ದೂರವಾಣಿ ಸಂಖ್ಯೆ, ಪುಟಗಳ ಎಣಿಕೆ, ವೇಗ, ಕೊನೆಯ ಒಪ್ಪಿಗೆ ಬಂದಿತೇ ಇಲ್ಲವೇ. ಪುಟದ ನೆತ್ತಿಯ ಮೇಲೆ ಅಚ್ಚಾಗುವ ಹೆಸರು, ಸಂಖ್ಯೆ, ಗಂಟೆಗಳನ್ನು ಮಾತ್ರ ನಂಬಿ ಕೂರಬಾರದು. ಅವನ್ನು ಕಳುಹಿಸುವವರೇ ತಮ್ಮ ಯಂತ್ರದಲ್ಲಿ ತುಂಬಿರುತ್ತಾರೆ. ಗಡಿಯಾರ ತಪ್ಪಿರಬಹುದು, ಹೆಸರು ಸುಳ್ಳಿರಬಹುದು. ಪಡೆದ ಗಣಕದ ಗಡಿಯಾರವನ್ನೂ, ದೂರವಾಣಿ ಕೇಂದ್ರವು ತಿಳಿಸುವ ಸಂಖ್ಯೆಯನ್ನೂ ಬೇರೆಯಾಗಿ ಬರೆದಿಡಬೇಕು.

ಇಷ್ಟೆಲ್ಲವನ್ನೂ ಇಡಲು ಸ್ಥಳವೆಲ್ಲಿ ಎಂದು ಚಿಂತಿಸಬೇಕಾಗಿಲ್ಲ. ದಿನಕ್ಕೆ ೩೦ ಪುಟ, ವರ್ಷಕ್ಕೆ ೩೦೦ ದಿನ, ಪುಟಕ್ಕೆ ೫೦ ಸಾವಿರ ಬೈಟು ಎಂದು ಹಿಡಿದರೆ ವರ್ಷಕ್ಕೆ ೪೫ ಕೋಟಿ ಬೈಟುಗಳು. ಹತ್ತು ವರ್ಷಗಳ ದಫ್ತರವು ಹೆಬ್ಬೆಟ್ಟಿನಷ್ಟು ದೊಡ್ಡದಾದ ಸ್ಮರಣಕೋಶದಲ್ಲಿ ಅಡಗುವುದು. ಅದು ಒಂದೇ ಇದ್ದರೆ ಮಾತ್ರ ಸಾಲದು. ಕೋಲಾರದ ಪ್ರತಿಯೊಂದು ಮುಳಬಾಗಿಲಿನಲ್ಲಿಯೂ ಇರಲಿ. ಬೆಂಕಿ ನೀರುಗಳು ಎರಡೂರುಗಳಿಗೆ ಒಂದೇ ದಿನ ಬರುವುದು ಅಪರೂಪ. ಮೂರು ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಕ್ರಮಾಂಕಗಳನ್ನು ಆರಿಸಿ, ಮುಳಬಾಗಿಲಿನ ಪ್ರತಿಯಿಂದ ತೆರೆದು ನೋಡಬೇಕು.

ಗಣಕದಲ್ಲಿರುವ ಪುಟವನ್ನು ಯಾರೂ ತಿದ್ದಿಲ್ಲವೆಂಬುದಕ್ಕೆ ಸಾಕ್ಷಿಯೇನು? ಇದಕ್ಕೆ ಗಣಿತವು ಒಂದು ಉಪಾಯವನ್ನು ಕೊಟ್ಟಿದೆ. ಕಡತದ ಅಂಕೆಗಳನ್ನೆಲ್ಲ ಗೊತ್ತಾದ ರೀತಿಯಲ್ಲಿ ಕಲಸಿ ೨೫೬ ಅಂಕೆಗಳ ಒಂದು ಮುದ್ರೆಯನ್ನು ಪಡೆಯುವುದು. ಇಪ್ಪತ್ತು ಲಕ್ಷ ಬಿಂದುಗಳಲ್ಲಿ ಒಂದನ್ನು ಬದಲಿಸಿ, ೬ನ್ನು ೯ ಮಾಡುವ ಮಾತು ಹಾಗಿರಲಿ, ಮುದ್ರೆಯು ಗುರುತು ಸಿಗದಷ್ಟು ಬೇರೆಯಾಗುವುದು. ಪುಟ ಬಂದ ಕ್ಷಣದಲ್ಲಿಯೇ ಈ ಮುದ್ರೆಯನ್ನು ತೆಗೆದು, ಪುಟದಿಂದ ಬೇರೆಯಾದ ವಹಿಯಲ್ಲಿ ಬರೆದಿಟ್ಟರೆ ಸಾಕು. ನಮ್ಮ ಕಾನೂನೂ ಇದೇ ದಾರಿಯಲ್ಲಿದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಏಳನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಯನ್ನು ಮುಂದೆ ನೋಡಲು ಬರುವಂತೆಯೂ, ಮೂಲರೂಪದಲ್ಲಿ ಅಥವಾ ಮೂಲವನ್ನು ಸರಿಯಾಗಿ ತೋರುವ ರೂಪದಲ್ಲಿಯೂ, ಎಲ್ಲಿಂದ ಎಲ್ಲಿಗೆ ಯಾವಾಗ ಹೋಯಿತೆಂಬ ವಿವರಗಳೊಡನೆಯೂ ಇಡಬೇಕೆನ್ನುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣದಂತೆ ನ್ಯಾಯಾಲಯಕ್ಕೆ ಕೊಡುವ ಪ್ರಮಾಣಪತ್ರದಲ್ಲಿ ಮೇಲೆ ಹೇಳಿದ ಮುದ್ರೆಯನ್ನೂ ನಮೂದಿಸಬೇಕು.

ಕೊನೆಯದಾಗಿ ಈಗಾಗಲೇ ಕಡತಗಳಲ್ಲಿ ಕುಳಿತಿರುವ ಹಳೆಯ ಹಾಳೆಗಳ ವಿಚಾರ. ಕರ್ನಾಟಕದ ಕಂದಾಯ ಇಲಾಖೆಯು 'ಭೂ ಸುರಕ್ಷಾ' ಎಂಬ ಯೋಜನೆಯನ್ನು ೨೦೨೪ರಲ್ಲಿ ಆರಂಭಿಸಿ, ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸಕ್ಕೆ ಕೈಹಾಕಿತು. ಖಾಸಗಿ ಕಚೇರಿಗಳೂ ಮನೆಗಳೂ ಇದನ್ನು ತಾವೇ ಮಾಡಿಕೊಳ್ಳಬಹುದು. ಮೊದಲ ಸರದಿ ನುಣುಪಾದ ಶಾಖದ ಕಾಗದಕ್ಕೆ ಸಲ್ಲಬೇಕು. ಸಾಧಾರಣ ಕಾಗದದ ಪತ್ರಗಳು ಕಾಯಬಲ್ಲವು. ಅದು ಶಾಖದ ಕಾಗದವೇ ಎಂದು ತಿಳಿಯಲು ಬರಹವಿಲ್ಲದ ಒಂದು ಮೂಲೆಯನ್ನು ಉಗುರಿನಿಂದ ವೇಗವಾಗಿ ಗೀರಿದರೆ ಸಾಕು, ಘರ್ಷಣೆಯ ಶಾಖಕ್ಕೆ ಕಪ್ಪು ಗೆರೆ ಮೂಡುವುದು. ಮಾಸಿದ ಹಾಳೆಯನ್ನು ಬರಿಯ ಕಪ್ಪು-ಬಿಳುಪಿನ ಕ್ರಮದಲ್ಲಿ ಸ್ಕ್ಯಾನ್ ಮಾಡಬಾರದು. ತೆಳುವಾದ ಗೆರೆಗಳನ್ನು ಯಂತ್ರವು ಬಿಳುಪೆಂದೇ ತೀರ್ಮಾನಿಸಿಬಿಡುವುದು. ಬಣ್ಣದಲ್ಲಿ ಅಥವಾ ಬೂದು ಛಾಯೆಗಳಲ್ಲಿ ತೆಗೆದು, ಅನಂತರ ಗಣಕದಲ್ಲಿ ವ್ಯತ್ಯಾಸವನ್ನು ಹೆಚ್ಚಿಸಿ ನೋಡಿದರೆ ಕಣ್ಣಿಗೆ ಕಾಣದ ಸಾಲುಗಳು ಕೆಲವು ವೇಳೆ ಮೇಲೆದ್ದು ಬರುವುವು. ಹಾಳೆಯನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿ, ಕಾಗದದ ಲಕೋಟೆಯಲ್ಲಿ, ಕತ್ತಲೆಯ ತಣ್ಣನೆಯ ಸ್ಥಳದಲ್ಲಿ ಇಡಬೇಕು. ಮುಖ್ಯವಾದ ಪತ್ರವೆಂದು ಅದನ್ನು ಲ್ಯಾಮಿನೇಷನ್ ಅಂಗಡಿಗೆ ಮಾತ್ರ ಒಯ್ಯಬಾರದು. ಅಲ್ಲಿಯ ಬಿಸಿ ಉರುಳೆಗಳ ನಡುವೆ ಹಾದುಹೋದ ಹಾಳೆಯು ಅಕ್ಷರ, ಅಂಚು, ಸಹಿ ಎಂಬ ಭೇದವಿಲ್ಲದೆ ಒಂದೇ ಸಮನೆ ಕಪ್ಪಾಗಿ ಹೊರಬರುವುದು.